ಹಾಡು ಕೇಳುವುದೋ, ಹಾಡುವವರ ಧರ್ಮ ಕೇಳುವುದೋ?

ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯ ಏರಿಯ ಮೇಲೆ ನಿಂತರೆ ಪಶ್ಚಿಮಕ್ಕೆ ಬಾಬಾಬುಡನ್ ಗಿರಿಸಾಲು ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟಗಳಲ್ಲಿ ಬಿತ್ತಿದರೆಂಬುದು ಪ್ರತೀತಿ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆಗೆ ಬಂದವರ ಮುಂದೆ ಕಾಫಿಯನ್ನೋ ಚಹಾವನ್ನೋ ಇಡದೆ ಮಾತು ಶುರುವಾಗುವುದಿಲ್ಲ. ಈ ಎರಡನ್ನೂ ಧರ್ಮದ ಕಟ್ಟಳೆಯೆಂದು ಮುಟ್ಟದ ಸಮುದಾಯವೊಂದು ಜಗತ್ತಿನಲ್ಲಿದೆ. ಅವರೇ ಮಾರ್ಮನ್ನರು. ಮದ್ಯವೂ ತಂಬಾಕೂ ಅವರಿಗೆ ವರ್ಜ್ಯ.

1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಕ್ರೈಸ್ತ ಪಂಥದವರನ್ನು ನೆರೆಹೊರೆಯವರು ಊರಿಂದೂರಿಗೆ ಅಟ್ಟಿದರು. ಅವರನ್ನು ನಿರ್ಮೂಲ ಮಾಡಬೇಕು, ಇಲ್ಲವೇ ಗಡಿಯಾಚೆ ಓಡಿಸಬೇಕೆಂದು 1838ರಲ್ಲಿ ಮಿಸ್ಸೌರಿ ರಾಜ್ಯದ ಗವರ್ನರ್ ಆದೇಶವನ್ನೇ ಹೊರಡಿಸಿದ್ದರು. 1847ರಲ್ಲಿ ಅವರು ಯೂಟಾದ ಮರುಭೂಮಿಯನ್ನು ಸೇರಿ ನೆಲೆಯೂರಿದರು. ಬೆಂಗಳೂರಿನಲ್ಲಿ ತಮ್ಮ ಮಂದಿರವೊಂದನ್ನು ಕಟ್ಟುವುದಾಗಿ ಈ ಪಂಥದವರು 2018ರಲ್ಲಿ ಪ್ರಕಟಿಸಿದರು. ದೂರದ ಈ ಜನರ ಮಾತನ್ನು ನಾವಿಲ್ಲಿ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಅವರ ಹಾಡುಗಾರರು ಎದುರಿಸಿದ ಪ್ರಶ್ನೆ ನಮ್ಮ ನಾಡಿನ ಹಾಡುಗಾರರದ್ದೂ ಹೌದು. ಒಂದು ಸಣ್ಣ ಸಮುದಾಯದಿಂದ ಬಂದು ಎಲ್ಲರ ಮುಂದೆ ಹಾಡುವವನು ಯಾರಿಗೆ ಉತ್ತರ ಕೊಡಬೇಕು?

‘ದಿ ಕಿಲ್ಲರ್ಸ್’ ಎಂಬ ಜನಪ್ರಿಯ ರಾಕ್ ತಂಡದ ಗಾಯಕ ಬ್ರ್ಯಾಂಡನ್ ಫ್ಲವರ್ಸ್ ಮಾರ್ಮನ್ ಪಂಥದವರು. 2012ರಲ್ಲಿ ಅವರು ಸ್ಕ್ಯಾಂಡಿನೇವಿಯಾದ ಟಿ.ವಿ. ಕಾರ್ಯಕ್ರಮವೊಂದಕ್ಕೆ ಹೋದಾಗ, ಅದೇ ವೇದಿಕೆಯಲ್ಲಿದ್ದ ನಾಸ್ತಿಕ ಚಿಂತಕ ರಿಚರ್ಡ್ ಡಾಕಿನ್ಸ್ ಮಾರ್ಮನ್ನರ ಧರ್ಮಗ್ರಂಥವೇ ನಕಲಿಯೆಂದು ವಾದಿಸಿದರು. ಹಾಡುಗಾರನಾಗಿ ಬಂದವರು ತಮ್ಮ ಗ್ರಂಥಕ್ಕೆ ವಕೀಲಿಕೆ ಮಾಡಬೇಕಾಯಿತು. ಡೇವಿಡ್ ಆರ್ಚುಲೆಟಾ 2008ರಲ್ಲಿ ‘ಅಮೆರಿಕನ್ ಐಡಲ್’ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದು ಹೆಸರಾದ ಹುಡುಗ. 2012ರಲ್ಲಿ ಹಾಡುವುದನ್ನು ನಿಲ್ಲಿಸಿ, ಎರಡು ವರ್ಷ ಧರ್ಮಸೇವೆಗೆಂದು ಚಿಲಿ ದೇಶಕ್ಕೆ ಹೊರಟುಹೋದರು. ಮುಂದೆ ಅದೇ ಗಾಯಕ ತಮ್ಮ ಆತ್ಮಸಾಕ್ಷಿಗೆ ಒಪ್ಪದ ಕಾರಣ ಆ ಪಂಥವನ್ನೇ ಬಿಟ್ಟರು. ಈ ಪಂಥದ ಸುಪ್ರಸಿದ್ಧ ಗಾಯನವೃಂದ 2017ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವರ ಪದಗ್ರಹಣ ಸಮಾರಂಭದಲ್ಲಿ ಹಾಡಲು ಒಪ್ಪಿದಾಗ, ಸದಸ್ಯೆಯೊಬ್ಬರು ತಾವು ಹಾಡಲಾರೆವೆಂದು ರಾಜೀನಾಮೆ ಕೊಟ್ಟರು. ಮಿನ್ನೆಸೋಟಾದ ಡುಲೂತ್ ಪಟ್ಟಣದ ಆಲನ್ ಸ್ಪಾರ್‌ಹಾಕ್, ಮಿಮಿ ಪಾರ್ಕರ್ ದಂಪತಿ ಮಾತ್ರ ‘ಲೋ’ ಎಂಬ ತಮ್ಮ ತಂಡ ಕಟ್ಟಿಕೊಂಡು, ಮಿಮಿ 2022ರಲ್ಲಿ ತೀರಿಕೊಳ್ಳುವವರೆಗೂ, ಸುಮಾರು ಮೂರು ದಶಕ ತಮ್ಮ ಪಾಡಿಗೆ ತಾವು ನಿಧಾನಗತಿಯ ಹಾಡುಗಳನ್ನು ಹಾಡಿದರು. ಒಂದೇ ಪಂಥದ ಇಷ್ಟು ಜನರ ದಾರಿಗಳು ಒಂದರಂತೆ ಇನ್ನೊಂದಿಲ್ಲ.

ಈಗ ನಮ್ಮ ನಾಡಿಗೆ ಬರೋಣ. 2017ರ ಮಾರ್ಚ್‌ನಲ್ಲಿ ಸಾಗರದ ಸುಹಾನಾ ಸೈಯದ್ ಕನ್ನಡ ಟಿ.ವಿ.ಯ ‘ಸರಿಗಮಪ’ ವೇದಿಕೆಯಲ್ಲಿ ಹಿಜಾಬ್ ಧರಿಸಿ ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದರು. ಮುಸ್ಲಿಮರ ಹೆಸರಿನ ಫೇಸ್‌ಬುಕ್ ಪುಟವೊಂದರಲ್ಲಿ ಆಕೆಯನ್ನು ಹೀನಾಯವಾಗಿ ನಿಂದಿಸಲಾಯಿತು. ಮತ್ತೊಂದು ಕಡೆಯಿಂದ ಸೌಹಾರ್ದದ ಪ್ರತೀಕವೆಂಬ ಹೊಗಳಿಕೆಯ ಮಳೆ ಸುರಿಯಿತು. ನಿಂದಿಸಿದವರ ತಪ್ಪನ್ನು ಹೆಚ್ಚು ವಿವರಿಸಬೇಕಿಲ್ಲ. ಹಾಡಲು ಬಂದ ಹೆಣ್ಣುಮಗಳನ್ನು ಹೀಗಳೆಯುವುದರಿಂದ ಯಾವ ಧರ್ಮಕ್ಕೂ ಮಾನ ಬರುವುದಿಲ್ಲ. ಆದರೆ ಹೊಗಳಿಕೆಯನ್ನೂ ನಾವು ಸ್ವಲ್ಪ ತಡೆದು ನೋಡಬೇಕು. ಆಕೆಯ ಶ್ರುತಿ ಹೇಗಿತ್ತು, ಉಚ್ಚಾರ ಹೇಗಿತ್ತು ಎಂದು ಎಷ್ಟು ಜನ ಮಾತಾಡಿದರು? ಬೈದವರೂ ಹೊಗಳಿದವರೂ ಹೆಚ್ಚಾಗಿ ನೋಡಿದ್ದು ತಲೆಯ ಮೇಲಿನ ವಸ್ತ್ರವನ್ನು.

ಮುಸ್ಲಿಂ ಹಾಡುಗಾರರಿಗೆ ತಮ್ಮ ಮನೆಯೊಳಗೇ ಇನ್ನೊಂದು ಪ್ರಶ್ನೆಯಿದೆ. ವಾದ್ಯಸಂಗೀತ ನಿಷಿದ್ಧವೆನ್ನುವ ವಿದ್ವಾಂಸರ ಪರಂಪರೆ ದೊಡ್ಡದು. ಇಮಾಮ್ ಗಝಾಲಿಯವರಾದರೋ ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿ, ಸಂಗೀತವು ಹೃದಯದಲ್ಲಿ ಮೊದಲೇ ಇರುವುದನ್ನು ಕಲಕಿ ಎಬ್ಬಿಸುತ್ತದೆ ಎಂದು ವಾದಿಸಿದರು, ಅದಕ್ಕೆ ಷರತ್ತುಗಳನ್ನೂ ಹಾಕಿದರು. ಚಿಶ್ತಿ ಸೂಫಿಗಳು ಕವ್ವಾಲಿಯನ್ನೇ ಸಾಧನೆಯ ದಾರಿ ಮಾಡಿಕೊಂಡರು. ಶತಮಾನಗಳಿಂದ ಪ್ರಾಮಾಣಿಕ ಭಿನ್ನಾಭಿಪ್ರಾಯವಿರುವ ಇಂಥ ವಿಷಯದಲ್ಲಿ ಒಬ್ಬ ವ್ಯಕ್ತಿ ತನ್ನ ಮನಸ್ಸಿಗೊಪ್ಪುವ ದಾರಿ ಹಿಡಿದರೆ, ಅವನ ಈಮಾನನ್ನು ಅಳೆಯುವ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟವರು ಯಾರು?

ಇನ್ನು ಸೌಹಾರ್ದದ ಪ್ರತೀಕವೆಂಬ ಪಟ್ಟವನ್ನು ನೋಡೋಣ. ಶಿಶುನಾಳ ಷರೀಫರು (1819–1889) ಗೋವಿಂದಭಟ್ಟರ ಶಿಷ್ಯರಾಗಿ ಎರಡು ದಾರಿಗಳನ್ನು ಒಂದೇ ಬದುಕಿನಲ್ಲಿ ನಡೆದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆ ಧಾರೆಯೆರೆದವರು. ರಾಮನನ್ನು ಕುರಿತ ತ್ಯಾಗರಾಜರ ಕೃತಿಯೊಂದನ್ನೂ ಹಾಡಿ ಧ್ವನಿಮುದ್ರಿಸಿದರು. ದಕ್ಷಿಣದ ರಾಗಗಳ ಮೇಲಿನ ಕುತೂಹಲ ಅವರನ್ನು ಅಲ್ಲಿಗೆ ಕರೆದೊಯ್ದಿರಬೇಕು. ಧಾರವಾಡದ ಸಿತಾರ್ ಮನೆತನದ ರಹಿಮತ್ ಖಾನರಿಗೂ ಅವರ ಮೊಮ್ಮಗ ಬಾಲೇಖಾನರಿಗೂ ಪದಗಳ ಹಂಗೇ ಇರಲಿಲ್ಲ. 2022ರಲ್ಲಿ ನಮ್ಮನ್ನಗಲಿದ ಮಹಾಲಿಂಗಪುರದ ಇಬ್ರಾಹಿಂ ಸುತಾರರು ಭಜನೆಯ ಮೂಲಕ ಭಾವೈಕ್ಯ ಸಾರುವುದನ್ನೇ ಬದುಕಿನ ಕೆಲಸವೆಂದು ಆರಿಸಿಕೊಂಡರು. ಒಬ್ಬರದ್ದು ಅನುಭಾವ, ಒಬ್ಬರದ್ದು ರಾಗದ ಮೋಹ, ಒಬ್ಬರದ್ದು ಕುಲವಿದ್ಯೆ, ಒಬ್ಬರದ್ದು ಲೋಕೋಪದೇಶ. ಇವರೆಲ್ಲರನ್ನೂ ಒಂದೇ ಬಿರುದಿನ ಅಡಿಯಲ್ಲಿ ನಿಲ್ಲಿಸಿ ಹಾರ ಹಾಕಿದರೆ, ಯಾರೊಬ್ಬರನ್ನೂ ನಾವು ಸರಿಯಾಗಿ ಕೇಳಿಸಿಕೊಂಡಂತಾಗುವುದಿಲ್ಲ.

ಇಂಥ ಹೊಗಳಿಕೆಗೆ ಮಿತಿಯೂ ಇದೆ. ಕ್ರೈಸ್ತರಾಗಿ ಹುಟ್ಟಿದ ಯೇಸುದಾಸ್ ತಮ್ಮ ಜನ್ಮದಿನವಾದ ಜನವರಿ 10ರಂದು ನಮ್ಮ ಕೊಲ್ಲೂರಿನ ಮೂಕಾಂಬಿಕಾ ಸನ್ನಿಧಿಯಲ್ಲಿ ಹಾಡುವುದನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಕೊಲ್ಲೂರು ಅವರನ್ನು ಬರಮಾಡಿಕೊಂಡಿತು. ಗುರುವಾಯೂರು ದೇವಸ್ಥಾನದಲ್ಲಿ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲದ ಕಾರಣ, ಅಲ್ಲಿನ ಕೃಷ್ಣನನ್ನು ಕುರಿತು ಹಾಡಿದ ಅದೇ ಗಾಯಕ ಹೊರಗೇ ಉಳಿಯಬೇಕಾಯಿತು. ಕಂಠ ಬೇಕು, ಕಂಠವಿರುವ ಮನುಷ್ಯ ಬೇಡ ಎಂದಾದರೆ ಅದನ್ನು ಕಲೆಯ ಗೌರವವೆಂದು ಕರೆಯಲಾಗದು.

ಹೊಗಳಿಕೆ ನಿಜವೋ ಅಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಮನೆಗೆ ಬಂದ ಮಾರ್ಮನ್ ಅತಿಥಿ ಕಾಫಿ ಬೇಡವೆಂದು ಕೈಮುಗಿದರೆ ಸಖರಾಯಪಟ್ಟಣದ ಯಾವ ಗೃಹಸ್ಥನೂ ಅದನ್ನು ಅವಮಾನವೆಂದು ಭಾವಿಸಲಾರ. ಒಂದು ಲೋಟ ಮಜ್ಜಿಗೆ ತಂದಿಡುತ್ತಾನೆ, ಅಷ್ಟೇ. ಹಾಗೆಯೇ ಮುಸ್ಲಿಂ ಗಾಯಕಿಯೊಬ್ಬಳು, ‘ಭಾವಗೀತೆ ಹಾಡುತ್ತೇನೆ, ಜನಪದ ಹಾಡುತ್ತೇನೆ, ಭಜನೆ ಮಾತ್ರ ನನ್ನಿಂದಾಗದು’ ಎಂದು ವಿನಯದಿಂದ ಹೇಳಿದಳೆನ್ನಿ. ಆಗಲೂ ಆಕೆಯನ್ನು ಇದೇ ನಾಡಿನ ಮಗಳೆಂದು ಅಷ್ಟೇ ಪ್ರೀತಿಯಿಂದ ಕಾಣುತ್ತೇವೆಯೇ? ಕಾಣುತ್ತೇವೆ ಎನ್ನುವುದಾದರೆ, ಭಜನೆ ಹಾಡಿದವಳಿಗೆ ನಾವು ತಟ್ಟಿದ ಚಪ್ಪಾಳೆಯೂ ನಿಜ. ಇಲ್ಲವೆನ್ನುವುದಾದರೆ, ಆ ಚಪ್ಪಾಳೆ ಇಲ್ಲಿ ಬದುಕುವುದಕ್ಕೆ ನಾವು ವಸೂಲಿ ಮಾಡಿದ ಸುಂಕ.

ಹಾಗಾದರೆ ಸಮುದಾಯಕ್ಕೆ ತನ್ನವರ ಮೇಲೆ ಯಾವ ಹಕ್ಕೂ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಬುದ್ಧಿ ಹೇಳುವ ಹಕ್ಕಿದೆ, ಒಪ್ಪುವುದಿಲ್ಲವೆನ್ನುವ ಹಕ್ಕಿದೆ, ಮನೆಯಂಗಳದಲ್ಲಿ ಕೂತು ವಾದಿಸುವ ಹಕ್ಕೂ ಇದೆ. ಬೆದರಿಸುವ, ಬಹಿಷ್ಕರಿಸುವ, ಬೀದಿಯಲ್ಲಿ ಮಾನ ಕಳೆಯುವ ಹಕ್ಕಿಲ್ಲ. ಆರ್ಚುಲೆಟಾ ವೇದಿಕೆ ಬಿಟ್ಟು ಧರ್ಮಸೇವೆಗೆ ಹೋದದ್ದಕ್ಕೆ ಬೆಲೆ ಬಂದದ್ದು ಅದನ್ನು ಅವರೇ ಆರಿಸಿಕೊಂಡಿದ್ದರಿಂದ. ಭಯದಿಂದ ಹಾಡು ಬಿಟ್ಟವಳಲ್ಲಿ ಧರ್ಮನಿಷ್ಠೆ ಬೆಳೆಯುವುದಿಲ್ಲ. ಮೆಚ್ಚಿಸುವ ಭಯದಿಂದ ಹಾಡಿದವಳಲ್ಲಿ ಭಕ್ತಿಯೂ ಹುಟ್ಟುವುದಿಲ್ಲ.

ಕಡೂರು ಸೀಮೆಯ ಯಾವುದೋ ಸರಕಾರಿ ಶಾಲೆಯಲ್ಲಿ ಇಂದು ಒಳ್ಳೆಯ ಕಂಠದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ವಾರ್ಷಿಕೋತ್ಸವದ ದಿನ ಆಕೆ ಮೈಕಿನ ಮುಂದೆ ನಿಂತಾಗ ತನ್ನವರು ಏನೆಂದಾರೋ ಎಂದು ಒಂದು ಕಡೆ, ಊರವರು ಏನನ್ನು ನಿರೀಕ್ಷಿಸುತ್ತಾರೋ ಎಂದು ಇನ್ನೊಂದು ಕಡೆ ನೋಡಬೇಕಾದರೆ, ಶ್ರುತಿಯ ಕಡೆಗೆ ಗಮನ ಕೊಡುವುದು ಯಾವಾಗ? ಯಾವ ಹಾಡೆಂಬುದನ್ನು ಆಕೆಯೂ ಆಕೆಯ ಮನಸ್ಸೂ ತೀರ್ಮಾನಿಸಲಿ. ಚೆನ್ನಾಗಿ ಹಾಡಿದರೆ ಚಪ್ಪಾಳೆ ತಟ್ಟೋಣ. ಸ್ವರ ತಪ್ಪಿದರೆ ಇನ್ನಷ್ಟು ಅಭ್ಯಾಸ ಮಾಡಮ್ಮಾ ಎನ್ನೋಣ. ಹಾಡುವವರಿಗೆ ಕೇಳುಗರಾದ ನಾವು ಸಲ್ಲಿಸಬೇಕಾದ ನ್ಯಾಯ ಅಷ್ಟು.