ಅಳಿಸಿದ ಮೇಲೆ ಉಳಿಯುವುದು

ಮಹಾಪ್ರಬಂಧದ ಅಧ್ಯಾಯವೊಂದನ್ನು ಪಿಡಿಎಫ್ ಮಾಡಲು ಹೋದಾಗ ಲ್ಯಾಪ್‌ಟಾಪಿಗೆ ಬೇಡದ ತಂತ್ರಾಂಶವೊಂದು ಹೊಕ್ಕಿತು. ಅನ್‌ಇನ್‌ಸ್ಟಾಲ್ ಮಾಡಿದೆ. ಆದರೂ ರಿಜಿಸ್ಟ್ರಿಯಲ್ಲಿ ಅದರ ಹೆಸರು ಉಳಿದಿತ್ತು. 1995ರ ವಿಂಡೋಸ್ 95ರ ಕಾಲದಿಂದಲೂ ರಿಜಿಸ್ಟ್ರಿ ಗಣಕದ ಖಾತೆ ಪುಸ್ತಕವಿದ್ದಂತೆ: ಯಾವ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು ಎಂಬುದೂ ಅಲ್ಲೇ ಬರೆದಿರುತ್ತದೆ.

ಆ ಹೆಸರು ಕಂಡು ಮೈಲಿಗೆಯಾದಂತೆನಿಸಿತು. ಗುಡಿಸಲು ಹೊರಟವನು ಅರ್ಥವಾಗದ ನಮೂದುಗಳನ್ನೂ ಅಳಿಸಿದೆ. ಮರುದಿನ ಕನ್ನಡ ಟೈಪಿಂಗ್ ತಂತ್ರಾಂಶ ತೆರೆಯಲೇ ಇಲ್ಲ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಅಳಿಸಿದ್ದಕ್ಕೆ ‘ಅನ್‌ಡೂ’ ಇಲ್ಲ. ಮೊದಲೇ ಪ್ರತಿ ತೆಗೆದಿಡಬೇಕಿತ್ತು.

ಗೊತ್ತಿಲ್ಲದಿರುವುದು ತಪ್ಪಲ್ಲ. ‘ನನಗೆ ಗೊತ್ತಿಲ್ಲ’ ಎಂಬುದನ್ನು ‘ಯಾರಿಗೂ ಬೇಕಿಲ್ಲ’ ಎಂದು ಓದಿಕೊಂಡೆ, ತಪ್ಪು ಅಲ್ಲಿತ್ತು.

ಹಾಗಾದರೆ ಏನನ್ನೂ ಅಳಿಸಬಾರದೇ? ‘ರನ್’ ಎಂಬ ಕೀಯಲ್ಲಿ ಕುಳಿತ ನಮೂದು ನಾವು ಲಾಗಿನ್ ಆದಾಗಲೆಲ್ಲ ತನ್ನ ತಂತ್ರಾಂಶವನ್ನು ಎಬ್ಬಿಸುತ್ತದೆ. ಅದು ಕೆಡುಕಿನದಾದರೆ ಕೀಳಲೇಬೇಕು. ಆದರೆ ಹೋದ ತಂತ್ರಾಂಶದ ಬರಿ ಹೆಸರು ಒಂದಿಷ್ಟು ಜಾಗ ಹಿಡಿದು ಸುಮ್ಮನಿರುತ್ತದೆ. ಅದನ್ನು ಅಳಿಸಿದ ಮಾತ್ರಕ್ಕೆ ಗಣಕ ಚುರುಕಾಗುವುದಿಲ್ಲ. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ.

ಹಿಂದೊಮ್ಮೆ ಜಗಳವಾಡಿ ದೂರಾದ ಗೆಳೆಯನ ನಂಬರು, ಮೆಸೇಜು, ಫೋಟೊಗಳನ್ನೆಲ್ಲ ಹೀಗೇ ಅಳಿಸಿದ್ದೆ. ಈಗ ಅವನನ್ನು ಮಾತಾಡಿಸೋಣವೆಂದರೆ ನಂಬರಿಲ್ಲ. ಆದರೆ ದಿನಾ ಬೆಳಗ್ಗೆ ನನ್ನೊಂದಿಗೇ ಏಳುತ್ತಿದ್ದ ಸಿಟ್ಟು ಬಹಳ ಕಾಲ ಹಾಗೇ ಇತ್ತು. ಕೀಳಬೇಕಾಗಿದ್ದುದು ಅದನ್ನು. ನಾನು ಅಳಿಸಿದ್ದು ಸುಮ್ಮನಿದ್ದ ನೆನಪುಗಳನ್ನು.