ಮೊದಲ ಉಸಿರಿಗೆ ಬೇಕಾದ ಪದರ

ಕೂಸು ಅತ್ತಿತೆಂದರೆ ಹೆರಿಗೆ ಕೋಣೆಯ ಹೊರಗೆ ಕಾದು ನಿಂತವರ ಜೀವ ತಣ್ಣಗಾಗುತ್ತದೆ. ಆ ಒಂದು ಅಳುವಿಗಾಗಿ ಪುಟ್ಟ ಎದೆಯೊಳಗೆ ನಡೆಯುವ ಕೆಲಸ ಸಣ್ಣದಲ್ಲ.

ಶ್ವಾಸಕೋಶದ ಗಾಳಿಚೀಲಗಳ ಒಳಗೋಡೆ ಸದಾ ಒದ್ದೆ. ನೀರಿನ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಅದರ ಮೇಲ್ಮೈ ಯಾವಾಗಲೂ ಕುಗ್ಗಲು ನೋಡುತ್ತದೆ. ಇದೇ ಮೇಲ್ಮೈ ಎಳೆತ. ಚೀಲ ಚಿಕ್ಕದಾದಷ್ಟೂ ಅದನ್ನು ಮುದುಡಿಸುವ ಒತ್ತಡ ಹೆಚ್ಚು. ಅಲ್ಲಿ ಬರೀ ನೀರಿದ್ದಿದ್ದರೆ, ಉಸಿರು ಬಿಟ್ಟಾಗಲೆಲ್ಲ ಚೀಲಗಳು ಒದ್ದೆ ಪ್ಲಾಸ್ಟಿಕ್ ಕವರಿನಂತೆ ಅಂಟಿಕೊಂಡುಬಿಡುತ್ತಿದ್ದವು.

ಹಾಗಾಗದಂತೆ ಕಾಯುವುದು ಸರ್ಫ್ಯಾಕ್ಟಂಟ್ ಎಂಬ ಪದರ. ಅದರಲ್ಲಿ ಬಹುಪಾಲು ಕೊಬ್ಬಿನ ಅಣುಗಳು, ಒಂದಿಷ್ಟು ಪ್ರೋಟೀನು. ಆ ಕೊಬ್ಬಿನ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಹಾಗಾಗಿ ಅವು ನೀರು ಗಾಳಿಗಳ ಗಡಿಗೆ ಬಂದು ಸಾಲುಗಟ್ಟಿ ನಿಲ್ಲುತ್ತವೆ. ವಿಜ್ಞಾನ ಇದನ್ನು ಅಧಿಶೋಷಣೆ ಎನ್ನುತ್ತದೆ. ಮೈಬಿಸಿಯಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 70 ಮಿಲಿನ್ಯೂಟನ್. ಉಸಿರು ಬಿಟ್ಟು ಚೀಲ ಕಿರಿದಾದಾಗ ಕೊಬ್ಬಿನ ಅಣುಗಳು ಒತ್ತೊತ್ತಾಗಿ ಸೇರಿ ಆ ಎಳೆತವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತವೆ. ಅಪಾಯ ಹೆಚ್ಚಿರುವ ಗಳಿಗೆಯಲ್ಲೇ ಕಾವಲೂ ಬಿಗಿಯಾಗುವ ಈ ಏರ್ಪಾಡು ದೇಹದ ದೊಡ್ಡ ಸೋಜಿಗಗಳಲ್ಲಿ ಒಂದು ಎಂದು ನನಗನಿಸುತ್ತದೆ.

ಈ ಪದರ ಸಾಕಷ್ಟು ಸಿದ್ಧವಾಗುವುದು ಬಸಿರಿನ ಸುಮಾರು 35ನೇ ವಾರಕ್ಕೆ. ಅದಕ್ಕೆ ಮುಂಚೆ, ದಿನ ತುಂಬದೆ ಹುಟ್ಟಿದ ಕೂಸು ಪ್ರತಿ ಉಸಿರಿಗೂ ಹೆಣಗಬೇಕಾಗಬಹುದು: ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೇದಿಕೊಳ್ಳುತ್ತದೆ, ಉಸಿರು ಬಿಡುವಾಗ ನರಳಿದ ಸದ್ದು ಬರುತ್ತದೆ. ಕಾರಣ ಈ ಪದರದ ಕೊರತೆಯೇ ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿದರು. ಆದರೂ ಮದ್ದು ಬರಲು ತಡವಾಯಿತು. 1963ರ ಆಗಸ್ಟಿನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ ಎರಡು ದಿನವೂ ತುಂಬದೆ ತೀರಿಕೊಂಡ. ಜಪಾನಿನ ಫುಜಿವಾರಾ ತಂಡ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಕೂಸುಗಳಿಗೆ ಕೊಟ್ಟು ಗೆದ್ದ ಸುದ್ದಿ ಬಂದದ್ದು 1980ರಲ್ಲಿ.

ಅದಕ್ಕೂ ಮೊದಲೇ, 1972ರಲ್ಲಿ, ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ಇನ್ನೊಂದು ದಾರಿ ತೋರಿಸಿದ್ದರು. ಹೆರಿಗೆಗೆ ಮುಂಚೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಪೂರ್ತಿ ಫಲ ಸಿಗಲು ಅದಕ್ಕೆ ಒಂದು ದಿನವಾದರೂ ಬೇಕು. ಆದ್ದರಿಂದ ಏಳನೆಯ, ಎಂಟನೆಯ ತಿಂಗಳಲ್ಲೇ ನೋವು ಕಾಣಿಸಿದರೆ, ಸುಳ್ಳು ನೋವಿರಬಹುದು, ಬೆಳಗಾಗಲಿ ಎಂದು ಕಾಯಬೇಡಿ. ತಾಯಿ ಕಾರ್ಡ್ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ.