ಗಜನಿಯ ಒಡ್ಡಿನ ಮೇಲೆ

(ಗೋವೆಯ ದಿವಾಡಿ ದ್ವೀಪ. ಮಾಂಡವಿ ನದಿಯ ಒಡ್ಡು. ಕುಮಟಾದ ನಿವೃತ್ತ ಡ್ರಾಯಿಂಗ್ ಮಾಸ್ತರರು, ಪಣಜಿಯಲ್ಲಿ ಚಿತ್ರಕಲೆ ಕಲಿಯುತ್ತಿರುವ ಅವರ ಹಳೆಯ ಶಿಷ್ಯೆ.)

ಶಿಷ್ಯೆ: ಮಾಸ್ತರ್ರೆ, ಡಚ್ ಚಿತ್ರಕಾರ ಯಾನ್ ವಾನ್ ಗೋಯನ್‌ನ ಚಿತ್ರಗಳಲ್ಲಿ ಮೂರರಲ್ಲಿ ಎರಡು ಪಾಲು ಬರೀ ಆಕಾಶ. ಕೆಳಗೆ ಒಂದು ಪಟ್ಟಿ ನೆಲ, ಒಂದು ದೋಣಿ, ಇರುವೆಯಷ್ಟು ಜನ. ದೇವರಿಲ್ಲ, ರಾಜನಿಲ್ಲ, ಕಥೆಯಿಲ್ಲ. ಪ್ರಕೃತಿಯ ಮುಂದೆ ಮನುಷ್ಯ ಸಣ್ಣವನು ಅಂತಲೇ ತಾನೆ ಅರ್ಥ?

ಮಾಸ್ತರರು: ಆ ಪಟ್ಟಿ ನೆಲ ಎಲ್ಲಿಂದ ಬಂತು ಅಂತ ಕೇಳಿದ್ಯಾ ತಂಗಿ? ಹಾಲೆಂಡಿನ ಬೇಮ್‌ಸ್ಟರ್ ದೊಡ್ಡ ಸರೋವರವಾಗಿತ್ತು. ಸುತ್ತ ಒಡ್ಡು ಹಾಕಿ, 43 ಗಾಳಿಯಂತ್ರಗಳಿಂದ ನೀರೆತ್ತಿ, 1612ರಲ್ಲಿ ಅದನ್ನು ಹೊಲ ಮಾಡಿದರು. ಗೋಯನ್ ಆಗ ಹದಿನಾರರ ಹುಡುಗ.

ಶಿಷ್ಯೆ: ಹಾಗಾದ್ರೆ ಅದು ಪ್ರಕೃತಿ ಚಿತ್ರವೇ ಅಲ್ವಾ?

ಮಾಸ್ತರರು: ಈ ತೂಬು ನೋಡು. ಇಲ್ಲಿಯವರು ಮಾನಸ ಅಂತಾರೆ. ಭರತ ಏರಿದಾಗ ನದಿಯ ನೀರೇ ಹಲಗೆ ಬಾಗಿಲನ್ನು ದೂಡಿ ಮುಚ್ಚುತ್ತೆ. ಇಳಿತದಲ್ಲಿ ಗದ್ದೆಯ ನೀರು ಅದನ್ನೇ ತೆರೆದು ಹೊರಗೆ ಹೋಗುತ್ತೆ. ಇದರಲ್ಲಿ ನದಿಯ ಪಾಲೆಷ್ಟು, ಬಡಗಿಯ ಪಾಲೆಷ್ಟು? ನಮ್ಮ ಅಘನಾಶಿನಿ ನದಿಯ ಗಜನಿ ಅನ್ನೋ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದದ್ದೂ, ಇಲ್ಲಿಯ ಖಾಜನ್ ಗದ್ದೆಯಲ್ಲಿ ಕೊರ್ಗುಟ್ ಭತ್ತ ಬೆಳೆದದ್ದೂ ಹೀಗೇ. ಒಡ್ಡು ಕಾಯೋರಿಗೆ ಆಕಾಶ ನೋಡೋದೂ ಒಂದು ಕೆಲಸ. ಡಚ್ಚರ ಚಿತ್ರದ ಮೋಡಗಳನ್ನು ನಾನು ಹಾಗೆ ಓದ್ತೇನೆ.

ಶಿಷ್ಯೆ: ಆದರೆ ಬೇಮ್‌ಸ್ಟರಿಗೆ ದುಡ್ಡು ಹಾಕಿದವರು ಆಮ್‌ಸ್ಟರ್‌ಡ್ಯಾಮಿನ ವರ್ತಕರು. ಮಣ್ಣು ಹೊತ್ತವರ ಬೆವರು ಆ ಚಿತ್ರಗಳ ಶಾಂತಿಯಲ್ಲಿ ಎಲ್ಲಿದೆ?

ಮಾಸ್ತರರು: (ತಡೆದು) ಕಾಣೋದಿಲ್ಲ. ನಿನ್ನ ಮಾತು ಒಪ್ಪಿದೆ. ಚಿತ್ರ ಕೊಳ್ಳುತ್ತಿದ್ದದ್ದು ಚರ್ಚಲ್ಲ, ಅರಮನೆಯಲ್ಲ, ಪೇಟೆಯ ಜನ. ಗೋಯನ್ ಕೆಲವೇ ಬಣ್ಣಗಳಲ್ಲಿ ಬೇಗ ಬೇಗ ಬರೆದು ಅವರಿಗೆ ಮಾರಿದ. ಆದರೆ ಪೇಟೆಯವರೆಲ್ಲ ಮಣ್ಣು ಹೊತ್ತವರಲ್ಲ.

ಶಿಷ್ಯೆ: ಇನ್ನೊಂದು ಪ್ರಶ್ನೆ. ಲಿನ್ಸ್‌ಖೋಟನ್ ಅನ್ನೋ ಡಚ್ಚ 1583ರಲ್ಲಿ ಗೋವೆಗೆ ಬಂದು ಆರ್ಚ್‌ಬಿಷಪ್ಪರ ಹತ್ತಿರ ಕಾರಕೂನನಾಗಿದ್ದ. ಗೋಯನ್ ಹುಟ್ಟಿದ 1596ರಲ್ಲೇ ಅವನ ಪುಸ್ತಕ ಅಚ್ಚಾಯ್ತು. ಇಲ್ಲಿ ಹೊಲ ಉಳುವವರನ್ನು ‘ಕಾನಾರಿನ್’ ಅಂತ ಕರೆದು ಅಧ್ಯಾಯವನ್ನೇ ಬರೆದ. ಆ ಪುಸ್ತಕದ ಚಿತ್ರಗಳಲ್ಲಿ ಜನ ಉಡುಗೆಯ ಮಾದರಿಗಳ ಹಾಗೆ ನಿಂತಿದ್ದಾರೆ. 1630ರ ದಶಕದಲ್ಲಿ ಡಚ್ ಹಡಗುಗಳು ಬಂದು ಗೋವೆಯ ಬಂದರನ್ನೇ ತಡೆದವು. ತಮ್ಮ ನೆಲವನ್ನು ಅಷ್ಟು ಮಮತೆಯಿಂದ ನೋಡಿದವರ ಕಣ್ಣು ಇಲ್ಲಿ ಯಾಕೆ ಬೇರೆಯಾಯ್ತು?

ಮಾಸ್ತರರು: ಇಲ್ಲಿಯ ಒಡ್ಡು ಒಡೆದರೆ ಅವರ ಮನೆಗೆ ನೀರು ನುಗ್ಗುತ್ತಿರಲಿಲ್ಲ. ನೆಲದ ಜೊತೆ ಮುಳುಗೋ ಭಯ ಇದ್ದವರಿಗೇ ಆ ನೆಲ ಪೂರ್ತಿ ಕಾಣೋದು ಅಂತ ನನ್ನ ನಂಬಿಕೆ.

ಶಿಷ್ಯೆ: ಹಾಗಿದ್ರೆ ಫೆರಿ ಹತ್ತಿ ಬಂದು ಹೋಗೋ ನನಗೆ?

ಮಾಸ್ತರರು: ಕ್ಯಾನ್ವಾಸ್ ಬದಿಗಿಡು. ತೂಬಿನ ಹತ್ರ ಬಲೆ ಕಟ್ತಿದ್ದಾರಲ್ಲ, ಅವರನ್ನು ಕೇಳು. ಈ ಒಡ್ಡು ಕಡೆಯ ಸಲ ಎಲ್ಲಿ ಒಡೆದಿತ್ತು, ಮಣ್ಣು ಯಾರು ಹೊತ್ತರು ಅಂತ. ಆಮೇಲೆ ಗೆರೆ ಎಲ್ಲಿ ಎಳೀಬೇಕು ಅಂತ ನಿನಗೇ ತಿಳಿಯುತ್ತೆ.

ಶಿಷ್ಯೆ: ಇಳಿತ ಶುರುವಾಯ್ತು, ಬಾಗಿಲು ತೆರೀತಿದೆ ನೋಡಿ. ಅವರಿಗೀಗ ಮೀನಿನ ಹೊತ್ತು. ಕೆಲಸ ಮುಗಿಯೋವರೆಗೆ ಕಾಯ್ತೇನೆ.